ಕಳ್ಳಕೋಳಿ ಗಡುವು

ಹೊಂಗೆಕೊಪ್ಪಲಿನ ಗೌಡರ ಬಾಯಿ ಕಟ್ಟುವುದು ಹುಡುಗಾಟದ ಮಾತಲ್ಲ. ಬೆಸಗರಹಳ್ಳಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ಸಿಗುವ ಆ ಊರಿನಲ್ಲಿ ‘ಉಂಡ್ಯೇನ್ಲಾ’ ಅಂತ ಪ್ರೀತಿಯಿಂದ ಕೇಳಿದರೂ ಹೊಸಬರಿಗೆ ಜಗಳಕ್ಕೆ ಕರೆದ ಹಾಗೇ ಕೇಳಿಸುತ್ತದೆ. ಅಂಥ ಊರಿನಲ್ಲಿ ವರ್ಷಕ್ಕೊಂದು ಸಲ, ಒಬ್ಬ ಮನುಷ್ಯ ಕೆರೆ ಏರಿಯ ಮೇಲೆ ನಿಂತು ‘ತಡೀರಿ’ ಅಂದರೆ ಎಲ್ಲರೂ ತಡೆಯುತ್ತಿದ್ದರು. ಅವನೇನು ಛೇರ್ಮನ್ನನಲ್ಲ, ಸಾಹುಕಾರನಲ್ಲ. ಒಂದು ಗುಂಟೆ ಗದ್ದೆಯೂ ಇಲ್ಲದ ಕೇರಿಯ ಮುದ್ದಯ್ಯ, ಊರಿನ ನೀರುಗಂಟಿ.

ಹಳ್ಳದಿಂದ ಕೆರೆಗೆ ನೀರು ತಿರುಗಿಸುವುದು, ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಸನಿಕೆ ಹಿಡಿದು ನಿಂತು ಹರಿಸುವುದು, ಇದು ನೀರುಗಂಟಿಯ ಕೆಲಸ. ಅವನ ಅಪ್ಪ ಮಾಡಿದ್ದು, ತಾತ ಮಾಡಿದ್ದು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಂದೊಂದು ಮನೆಯವರೂ ಮೊರದ ತುಂಬ ಭತ್ತ ಹಾಕುತ್ತಿದ್ದರು. ಹಾಕುವಾಗ ಗೊಣಗುತ್ತಿದ್ದರು ಅನ್ನುವುದೂ ನಿಜ. ಉಳಿದ ದಿನಗಳಲ್ಲಿ ಮುದ್ದಯ್ಯನೂ ಎಲ್ಲ ಆಳುಗಳ ಹಾಗೆ ಒಬ್ಬ ಆಳು. ಹೇಳಿದ ಕಡೆ ಹೋಗಬೇಕು, ಬೈದರೆ ಬೈಸಿಕೊಳ್ಳಬೇಕು. ಆ ಒಂದು ಗಡುವಿನ ದಿನಗಳಲ್ಲಿ ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಹೆಂಡತಿ ಮಾಯಮ್ಮ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಆ ಗಡುವು ಯಾರಿಗಾಗಿ ಅಂತೀರಿ? ಹಕ್ಕಿಗಾಗಿ!

ನೀರುಕೋಳಿ ಅಂದರೆ ಊರವರಿಗೆ ಎಲ್ಲ ಒಂದೇ. ಮುದ್ದಯ್ಯನಿಗೆ ಹಾಗಲ್ಲ. ಮುಖಕ್ಕೆ ಸುಣ್ಣ ಬಳಿದುಕೊಂಡು, ಬಾಲ ಎತ್ತೆತ್ತಿ ಏರಿಯ ಮೇಲೇ ಅಡ್ಡಾಡುವ ಹುಂಡುಕೋಳಿ ಬೇರೆ. ಅದಕ್ಕೆ ಮಾನ ಮರ್ಯಾದೆ ಒಂದೂ ಇಲ್ಲ, ಒಂದು ಹನಿ ಮಳೆ ಬಿದ್ದರೆ ಊರೆಲ್ಲ ಕೇಳುವ ಹಾಗೆ ಅರಚಿಕೊಳ್ಳುತ್ತದೆ. ಹಣೆಗೆ ಬಿಳಿ ನಾಮ ಇಟ್ಟುಕೊಂಡು ನಡುನೀರಲ್ಲಿ ತೇಲುವ ನಾಮದಕೋಳಿ ಬೇರೆ. ಇವುಗಳದೇ ಬಳಗದಲ್ಲಿ ಸಣ್ಣದೊಂದಿದೆ, ಅಂಗೈ ತುಂಬುವಷ್ಟು ಗಾತ್ರ, ಇಟ್ಟಿಗೆ ಬಣ್ಣದ ಎದೆ, ಕೆಂಪು ಕಾಲು. ಹಾರಲು ರೆಕ್ಕೆಯಿದ್ದರೂ ಹಾರಲು ಮನಸ್ಸಿಲ್ಲ. ಮನುಷ್ಯನ ನೆರಳು ಬಿದ್ದರೆ ಸಾಕು, ಒಂದು ಎಲೆಯೂ ಅಲ್ಲಾಡದಂತೆ ಜೊಂಡಿನೊಳಗೆ ನುಸುಳಿಬಿಡುತ್ತದೆ. ಆ ಊರಿನಲ್ಲೇ ಹುಟ್ಟಿ ಆ ಊರಿನಲ್ಲೇ ಮುದುಕರಾದವರೂ ಅದರ ದನಿ ಕೇಳಿದ್ದಾರೆಯೇ ಹೊರತು ಕಣ್ಣಾರೆ ಕಂಡವರಿಲ್ಲ. ಮುದ್ದಯ್ಯನ ಮನೆಯಲ್ಲಿ ಅದನ್ನು ಕಳ್ಳಕೋಳಿ ಅನ್ನುತ್ತಿದ್ದರು. ಪಾಪ, ಅದು ಯಾರದನ್ನೂ ಕದಿಯುವುದಿಲ್ಲ, ತನ್ನನ್ನು ತಾನೇ ಕದ್ದಿಟ್ಟುಕೊಳ್ಳುತ್ತದೆ ಅಷ್ಟೆ.

ಮುಂಗಾರಿನ ಮೊದಲ ಮಳೆಗಳಿಗೆ ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತು ಜೊಂಡು ಎದ್ದರೆ, ಕಳ್ಳಕೋಳಿ ಅದರ ಬುಡದಲ್ಲಿ ಗೂಡು ಹೆಣೆದು ಮೊಟ್ಟೆ ಇಡುತ್ತದೆ. ನೀರಿಗೂ ಗೂಡಿಗೂ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ನೀರು ಮೇಲಕ್ಕೆ ಬಂದರೆ ಜೊಂಡಿನ ಎಲೆ ಕಚ್ಚಿ ತಂದು ತಂದು ಕೆಳಗೆ ತುರುಕಿ ಗೂಡನ್ನೇ ಎತ್ತರಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಪುರುಸೊತ್ತು ಬೇಕು. ಆ ಪುರುಸೊತ್ತು ಕೊಡುವುದೇ ಕಳ್ಳಕೋಳಿ ಗಡುವು. ಹಳ್ಳದ ನೀರು ಕೆರೆಗೆ ತಿರುಗುವ ಬಾಯಲ್ಲಿ ಹಲಗೆಗಳಿದ್ದವು. ಎಲ್ಲ ಹಲಗೆಯನ್ನೂ ಒಟ್ಟಿಗೆ ಕಿತ್ತರೆ ಕೆರೆ ಒಂದೇ ಸಮನೆ ನುಗ್ಗಿ ತುಂಬುತ್ತದೆ. ನೀರುಗಂಟಿ ಒಂದೊಂದೇ ಹಲಗೆ ತೆಗೆದು, ದಿನಕ್ಕೆ ಬೆರಳಗಲ ನೀರು ಏರುವಂತೆ ನೋಡಿಕೊಂಡು, ಮರಿಗಳು ತಾಯಿಯ ಹಿಂದೆ ನಡೆಯುವ ತನಕ ಊರನ್ನು ಕಾಯಿಸುತ್ತಿದ್ದ.

ಊರು ಕಾಯುತ್ತಿತ್ತು. ಯಾಕೆ ಕಾಯುತ್ತಿತ್ತೋ ಅದು ಊರಿಗೂ ಗೊತ್ತಿರಲಿಲ್ಲ. ಗಡುವು ಮುರಿದರೆ ಏರಿ ನಿಲ್ಲುವುದಿಲ್ಲ ಅಂತ ಯಾರೋ ಹಿರಿಯರು ಅಂದಿದ್ದರಂತೆ. ಮುದ್ದಯ್ಯ ಹೊಸದಾಗಿ ಮದುವೆಯಾಗಿದ್ದ ವರ್ಷ, ಈಗಿನ ಗೌಡ ತಿಮ್ಮಯ್ಯನ ಅಪ್ಪ, ಅಂದರೆ ಆಗ ಊರಿಗೇ ದೊಡ್ಡ ಗದ್ದೆಯ ಯಜಮಾನ, ಬೆತ್ತ ಹಿಡಿದು ಏರಿಯ ಮೇಲೆ ಬಂದು ಕೂಗಾಡಿದ್ದ. ಮುದ್ದಯ್ಯನ ಅಪ್ಪ ಟವಲು ಸೊಂಟಕ್ಕೆ ಕಟ್ಟಿಕೊಂಡು ಕೆಳಗೆ ನಿಂತು ‘ತಡೀರಿ ಬುದ್ಧಿ, ಕೋಳಿ ಕಾವಿಗೆ ಕೂತವೆ’ ಅಂದ. ಅಷ್ಟೇ. ಯಜಮಾನ ತನ್ನಷ್ಟಕ್ಕೆ ತಾನು ಬೈದುಕೊಳ್ಳುತ್ತ ಹಿಂದಕ್ಕೆ ಹೋದ. ಅವತ್ತು ಅಪ್ಪನ ಪಕ್ಕದಲ್ಲಿ ನಿಂತಿದ್ದ ಮುದ್ದಯ್ಯನಿಗೆ ಎದೆ ಉಬ್ಬಿ ಬಂದಿತ್ತು. ನಮ್ಮವನೊಬ್ಬ ಅವರಿಗೆ ‘ತಡೀರಿ’ ಅಂದ, ಅವರು ತಡೆದರು! ಆ ಮಾತು ತನ್ನ ಕಾಲಕ್ಕೆ ಮುಗಿಯಬಾರದು ಅನ್ನುವುದೊಂದೇ ಅವನ ಆಸೆಯಾಗಿತ್ತು. ಬೇರೆ ಆಸೆ ಇಟ್ಟುಕೊಳ್ಳಲು ಅವನಲ್ಲಿ ಏನಿತ್ತು ಹೇಳಿ?

ಆಮೇಲೆ ಹಳ್ಳ ಬತ್ತಿತು. ಮೇಲಿನ ಊರುಗಳಲ್ಲಿ ಅಲ್ಲಲ್ಲಿ ತಡೆ ಕಟ್ಟಿದರು, ಬೋರು ಕೊರೆದರು, ಕೆರೆಗೆ ಬರುವ ನೀರು ಕಾಲು ಭಾಗಕ್ಕೆ ಇಳಿಯಿತು. ಎಲ್ಲರೂ ಅರ್ಜಿ ಕೊಟ್ಟು, ಧರಣಿ ಕೂತು, ಕೊನೆಗೆ ಶಿಂಷಾ ಹೊಳೆಯಿಂದ ಪಂಪಿನಲ್ಲಿ ನೀರೆತ್ತಿ ಕೆರೆಗೆ ಬಿಡುವ ಪೈಪು ಬಂತು. ಆಳು ನುಸುಳುವಷ್ಟು ದಪ್ಪದ ಪೈಪು. ಅದರ ಬಾಯಿಂದ ಮೊದಲ ನೀರು ದುಮುಕಿದ ದಿನ ಮುದ್ದಯ್ಯನೂ ಕುಣಿದ. ಮಗ ಸಿದ್ದೇಶ ಗೆಜ್ಜಲಗೆರೆಯ ಫ್ಯಾಕ್ಟರಿಗೆ ರಜ ಹಾಕಿ ಬಂದು ಅಪ್ಪ ಕುಣಿಯುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದ. ಅದು ಬೇಸಗೆ, ಕೆರೆ ಬಿಕೋ ಅನ್ನುತ್ತಿತ್ತು, ಜೊಂಡೂ ಇಲ್ಲ ಕೋಳಿಯೂ ಇಲ್ಲ. ಪೈಪಿನ ಬಾಯಿಗೆ ಹಲಗೆ ಇಡಲು ಆಗುವುದಿಲ್ಲ ಅನ್ನುವುದು ಆ ಖುಷಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಈ ವರ್ಷ, ಆಷಾಢ ಮುಗಿಯುವ ಹೊತ್ತಿಗೆ. ಮುಂಗಾರು ನಾಲ್ಕು ಮಳೆ ಚೆನ್ನಾಗಿ ಕೊಟ್ಟು ಕೈಯೆತ್ತಿತ್ತು. ಕೆರೆಯಲ್ಲಿ ಮೊಣಕಾಲುದ್ದ ನೀರು, ಅದರ ತುಂಬ ಜೊಂಡು. ಸಂಜೆಯಾದರೆ ಜೊಂಡಿನೊಳಗಿಂದ ಕಳ್ಳಕೋಳಿಯ ದನಿ ಮೇಲಿಂದ ಕೆಳಕ್ಕೆ ಉರುಳಿದ ಹಾಗೆ ಬರುತ್ತಿತ್ತು. ಒಂದೆರಡಲ್ಲ, ಆ ಕಡೆಯಿಂದೊಂದು ಈ ಕಡೆಯಿಂದೊಂದು. ಎಷ್ಟೋ ವರ್ಷಗಳಿಂದ ಅಷ್ಟು ಕೇಳಿರಲಿಲ್ಲ. ಮುದ್ದಯ್ಯ ದಿನಾ ಹೋಗಿ ಹಳೆಯ ತೂಬಿನ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದ. ಆ ಕಲ್ಲಿನ ಹತ್ತಿರವೇ ಒಂದು ಗೂಡಿತ್ತು. ಅವನು ಅದನ್ನು ನೋಡಿರಲಿಲ್ಲ, ಕೋಳಿ ಒಳಹೋಗುವ ದಾರಿಯಿಂದ ಲೆಕ್ಕ ಹಾಕಿದ್ದ. ಗೂಡಿನ ಹತ್ತಿರ ಹೋಗಬಾರದು, ಜೊಂಡು ಸರಿಸಬಾರದು. ಇದು ಅಪ್ಪ ಹಾಕಿದ ಕಟ್ಟಳೆ.

ಆಗಲೇ ಸುದ್ದಿ ಬಂತು, ಶುಕ್ರವಾರ ಪೈಪಿನ ನೀರು ಬಿಡುತ್ತಾರೆ, ಎರಡು ದಿನದಲ್ಲಿ ಕೆರೆ ತುಂಬುತ್ತದೆ.

ಮುದ್ದಯ್ಯ ನೆಟ್ಟಗೆ ತಿಮ್ಮಯ್ಯಗೌಡರ ಮನೆಗೆ ಹೋದ. ಅಪ್ಪನ ಕಾಲದ ಯಜಮಾನಿಕೆ ಈಗ ಈ ತಿಮ್ಮಯ್ಯನದು. ಕೆರೆ ಕೆಳಗಿನ ರೈತರಿಗೆಲ್ಲ ಅವನದೇ ಮುಂದಾಳತ್ವ. ಇಬ್ಬರೂ ಒಂದೇ ಓರಗೆಯವರು. ಹೆಂಡತಿ ಚಿಕ್ಕಬೋರಮ್ಮ ಜಗುಲಿಗೇ ಮಜ್ಜಿಗೆ ತಂದುಕೊಟ್ಟಳು.

“ಏನ್ಲಾ ಮುದ್ದ, ನೀರ್ ಬತ್ತದೆ ಅಂದ್ರೆ ಊರೇ ನಗ್ತಾ ಅದೆ, ನೀನ್ಯಾಕ್ಲಾ ಅಳ್ಳೆಣ್ಣೆ ಕುಡ್ದಂಗ್ ಮಕ ಮಾಡೀಯ?” ಅಂದ ತಿಮ್ಮಯ್ಯ.

“ಕಳ್ಳಕೋಳಿ ಕಾವಿಗೆ ಕೂತವೆ ಗೌಡ್ರೆ. ಗಡುವು ಬೇಕಾಗಿತ್ತು.”

ತಿಮ್ಮಯ್ಯ ನಗಲಿಲ್ಲ. ನಕ್ಕಿದ್ದರೆ ಮುದ್ದಯ್ಯನಿಗೆ ಒಂದಿಷ್ಟು ಸಿಟ್ಟಾದರೂ ಬರುತ್ತಿತ್ತು, ಸಿಟ್ಟಿನಲ್ಲಿ ನಾಲ್ಕು ಮಾತು ಆಡುತ್ತಿದ್ದ. ತಿಮ್ಮಯ್ಯ ಎದ್ದು ಹೆಗಲ ಮೇಲೆ ಟವಲು ಹಾಕಿಕೊಂಡು ‘ಬಾ’ ಅಂತ ಅವನನ್ನು ಗದ್ದೆಯ ಒಟ್ಲಿಗೆ ಕರೆದುಕೊಂಡು ಹೋದ. ನಾಟಿಗೆಂದು ಬಿಟ್ಟಿದ್ದ ಭತ್ತದ ಸಸಿ ತುದಿಯಲ್ಲಿ ಹಳದಿಗೆ ತಿರುಗಿತ್ತು.

“ನೋಡ್ದಾ? ನಾನ್ ಬ್ಯಾಡ ಅಂದೀನೇನ್ಲಾ? ನಮ್ಮಪ್ಪನೇ ನಿಮ್ಮಪ್ಪನ ಮಾತ್ಗೆ ಬಗ್ಗಿದ್ದ. ಆದ್ರೆ ಆಗಿನ್ದು ನಮ್ ಅಳ್ಳದ್ ನೀರು, ಇದು ಸರದಿ ನೀರು ಕಣ್ಲಾ. ಈಗ ಬ್ಯಾಡ ಅಂದ್ರೆ ಮುಂದ್ಲೂರ್ಗೆ ಓಯ್ತದೆ. ಆಮ್ಯಾಕೆ ನಮ್ ಸರದಿ ಬರೋದು ದೀಪಾವಳಿಗೆ. ಅಷ್ಟೊತ್ಗೆ ಈ ಪೈರು ದನ ತಿನ್ನೋಕೂ ಇರಕಿಲ್ಲ.”

“ಬ್ಯಾಡ ಅನ್ನಾದಲ್ಲ ಗೌಡ್ರೆ. ವಸಿ ನಿಧಾನಕ್ಕೆ ಬುಡ್ಲಿ ಅಂತ.”

“ತಡಿ, ಇಂಜಿನಿಯರ್ನೇ ಕೇಳಾನ.”

ತಿಮ್ಮಯ್ಯ ಅಲ್ಲೇ ಬದುವಿನ ಮೇಲೆ ಕೂತು ಫೋನು ಹಚ್ಚಿ, ಮುದ್ದಯ್ಯನಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದ. “ನಮಸ್ಕಾರ ಸಾರ್, ಒಂಗೆಕೊಪ್ಲು ತಿಮ್ಮಯ್ಯ. ನೀರು ವಸಿ ನಿಧಾನಕ್ಕೆ ಬಿಡ್ಸೋಕ್ ಆಯ್ತದಾ ಸಾರ್?”

“ಯಾಕ್ರೀ?” ಅಂದಿತು ಆ ಕಡೆಯ ದನಿ.

ಈಗ ಬಂತು ನೋಡಿ ಪೇಚು. ಕೋಳಿ ಕಾವಿಗೆ ಕೂತಿದೆ ಅಂತ ಹೇಳಲು ತಿಮ್ಮಯ್ಯನಿಗೆ ನಾಲಗೆ ಏಳಲಿಲ್ಲ. ಊರಿನೊಳಗೆ ಅದು ಕಟ್ಟಳೆ, ಊರು ದಾಟಿದರೆ ನಗೆಪಾಟಲು. ಅವನು ಮುದ್ದಯ್ಯನ ಮುಖ ನೋಡಿದ, ಒಟ್ಲು ನೋಡಿದ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. “ಏರಿ ವಸಿ ಸೋರ್ತದೆ ಸಾರ್.”

“ಏರಿ ಸೋರುತ್ತಾ? ಹಾಗಾದ್ರೆ ನೀರು ಬಿಡೋ ಹಾಗೇ ಇಲ್ಲ ಬಿಡಿ. ರಿಪೇರಿ ಆಗ್ಲಿ, ಮುಂದಿನ ವರ್ಷ ನೋಡೋಣ.”

“ಅಯ್ಯಯ್ಯೋ! ಇಲ್ಲ ಇಲ್ಲ ಸಾರ್, ಸೋರಕಿಲ್ಲ! ಕಲ್ ಇದ್ದಂಗದೆ ಏರಿ! ನೀವ್ ಬುಡಿ, ಜೋರಾಗೇ ಬುಡಿ!”

ಫೋನು ಇಟ್ಟ ತಿಮ್ಮಯ್ಯನ ಹಣೆಯಲ್ಲಿ ಬೆವರು ಸಾಲಿಟ್ಟಿತ್ತು. ಫೋನು ಮಾಡುವ ಮೊದಲಿಗಿಂತ ಈಗ ಕೆಲಸ ಇನ್ನೂ ಕೆಟ್ಟಿತ್ತು, ‘ಜೋರಾಗೇ ಬುಡಿ’ ಅಂತ ತಾವೇ ಬಾಯಿಬಿಟ್ಟು ಹೇಳಿದ ಹಾಗಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. “ನನ್ ಕೈಲಿ ಏನೂ ಇಲ್ಲ ಕಣ್ಲಾ ಮುದ್ದ,” ಅಂದ ತಿಮ್ಮಯ್ಯ. ಇಡೀ ಊರನ್ನು ಕಿರುಬೆರಳಲ್ಲಿ ಆಡಿಸುತ್ತಿದ್ದ ಮನೆತನದವನ ಬಾಯಲ್ಲಿ ಆ ಮಾತು ಕೇಳಿ ಮುದ್ದಯ್ಯನಿಗೆ ಒಂಥರಾ ಹೆದರಿಕೆಯಾಯಿತು.

ಇನ್ನು ಉಳಿದದ್ದು ಪ್ರಸನ್ನ. ಅವನು ಮುದ್ದಯ್ಯನ ತಂಗಿಯ ಮಗ, ಐಟಿಐ ಓದಿಕೊಂಡು ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಕಂಟ್ರಾಕ್ಟ್ ಕೆಲಸಕ್ಕಿದ್ದ. ಸಿದ್ದೇಶನ ಬೈಕಿನ ಹಿಂದೆ ಕೂತು ಅಲ್ಲಿಗೂ ಹೋದದ್ದಾಯಿತು. ಪ್ರಸನ್ನ ಸೋದರಮಾವನಿಗೆ ಕುರ್ಚಿ ಹಾಕಿ, ತಾನು ನಿಂತುಕೊಂಡೇ ಮಾತಾಡಿದ.

“ಮಾವ, ಈ ಗುಂಡಿ ಒತ್ತುದ್ರೆ ಸುರು, ಇದು ಒತ್ತುದ್ರೆ ಬಂದ್. ನಡುವಿನ್ದು ಅಂತ ಇಲ್ಲ.”

“ಅರ್ಧ ಬುಡೋಕೆ ಆಗಕಿಲ್ವೇನ್ಲಾ? ಗಂಟೆ ಬುಟ್ಟು, ಗಂಟೆ ನಿಲ್ಸು.”

“ಗಂಟೆಗೊಂದ್ ಸಲ ನಿಲ್ಸುದ್ರೆ ಮೋಟ್ರು ಸುಟ್ಟೋಯ್ತದೆ. ವಾಲ್ವು ಅರ್ಧ ತಿರುಗ್ಸುದ್ರೆ ಪೈಪು ಎಲ್ಲಾದ್ರೂ ಬಾಯ್ ಬುಡ್ತದೆ. ಎಷ್ಟು ನೀರೋಯ್ತು, ಎಷ್ಟೊತ್ತು ಓಯ್ತು, ಎಲ್ಲ ಅಲ್ಲಿ ಆಫೀಸ್ನಲ್ಲೇ ಕಾಣ್ತದೆ. ನನ್ನ ಕಿತ್ತಾಕ್ತಾರೆ ಮಾವ. ಮನೇಲಿ ಅರ್ಪಿತ ಏಳು ತಿಂಗ್ಳ ಬಸ್ರಿ, ನಿನ್ಗೆ ಗೊತ್ತಲ್ಲ.”

“ನೀನು ಕೆಲ್ಸ ಕಳ್ಕ ಅಂತ ನಾನ್ ಅಂದೇನೇನ್ಲಾ ಮಗ?” ಅಂದ ಮುದ್ದಯ್ಯ. ಯಾರ ಮೇಲೆ ಸಿಟ್ಟು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಗೌಡ ಕೆಟ್ಟವನಲ್ಲ, ಹುಡುಗ ಕೆಟ್ಟವನಲ್ಲ, ಪೈರು ಒಣಗುತ್ತಿರುವುದು ಸುಳ್ಳಲ್ಲ, ಆ ಇಂಜಿನಿಯರೂ ಪಾಪ ಕೇಳಿದ್ದಕ್ಕೆ ಜವಾಬು ಕೊಟ್ಟಿದ್ದಾನೆ. ಬೆತ್ತ ಹಿಡಿದು ಬಂದ ಯಜಮಾನನ ಎದುರಿಗಾದರೆ ನಿಲ್ಲಬಹುದು. ಗುಂಡಿಯ ಎದುರಿಗೆ ನಿಂತು ‘ತಡಿ’ ಅಂದರೆ ಅದಕ್ಕೇನು ಕಿವಿಯಿದೆಯೇ?

ಪ್ರಸನ್ನ ಕೈಲಾದಷ್ಟು ಮಾಡಿದ. ಶುಕ್ರವಾರ ಬೆಳಗಿನ ಬದಲು ಮಧ್ಯಾಹ್ನ ಗುಂಡಿ ಒತ್ತಿದ.

ಮನೆಯಲ್ಲಿ ಮಾಯಮ್ಮ ಸುಮ್ಮನಿರಲಿಲ್ಲ. “ನಮ್ ವನಜ ಬಸ್ರಿ ಆಗಿದ್ದಾಗ್ಲೂ ಈವಯ್ಯ ಇಷ್ಟು ಓಡಾಡ್ನಿಲ್ಲ,” ಅಂತ ಸೊಸೆ ವನಜಳಿಗೇ ಕೇಳುವಂತೆ ಛೇಡಿಸಿದಳು. ಗಂಡ ಮುದ್ದೆ ಮುರಿದು ಹಾಗೇ ಕೂತದ್ದು ಕಂಡು ದನಿ ಇಳಿಸಿದಳು. “ಉಣ್ಣು. ನೀನೇನ್ ಮಾಡಿಯ? ಗಂಗಮ್ಮ ಬರೋದ್ನ ಯಾರ್ ತಡ್ದಾರು? ಕೋಳಿ ಬದುಕ್ಕಂಡ್ರೆ ಬದುಕ್ಕತದೆ. ನೀನ್ ಮಾತ್ರ ಓಗಿ ಕೈಗೀಯಿ ಆಕ್ಬ್ಯಾಡ ಕಣಪ್ಪ. ನಿಮ್ಮಪ್ಪ ಏನ್ ಯೋಳಿದ್ದ?”

“ಗೊತ್ತು ಬುಡು.”

ಗೊತ್ತಿತ್ತು. ಗೊತ್ತಿದ್ದರೆ ಆಯಿತೇ?

ಶನಿವಾರ ಬೆಳಕು ಹರಿದಾಗ ಅವನು ಏರಿಯ ಮೇಲಿದ್ದ. ಪೈಪಿನ ಬಾಯಿ ಮೊರೆಯುತ್ತಿತ್ತು, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದಷ್ಟು. ಕೆರೆಯ ನಡುವಿನ ಜೊಂಡು ಆಗಲೇ ಅರ್ಧಕ್ಕರ್ಧ ಮುಳುಗಿತ್ತು. ನಿನ್ನೆ ಸಂಜೆ ಅಲ್ಲಿಂದ ಬರುತ್ತಿದ್ದ ದನಿಗಳು ಇವತ್ತು ಇರಲಿಲ್ಲ. ಅಂಚಿನಲ್ಲಿದ್ದ ತೂಬಿನ ಕಲ್ಲಿನ ಹತ್ತಿರದ ಗೂಡಿಗೆ ನೀರು ಇನ್ನೂ ಮುಟ್ಟುತ್ತಿತ್ತಷ್ಟೆ. ಅಲ್ಲಿ ಜೊಂಡು ಅಲ್ಲಾಡಿತು. ಜನ್ಮದಲ್ಲಿ ಎಲೆ ಅಲ್ಲಾಡಿಸದ ಕಳ್ಳಕೋಳಿ, ಮನುಷ್ಯ ಅಷ್ಟು ಹತ್ತಿರ ನಿಂತಿದ್ದರೂ ಹೆದರದೆ, ಎಲೆ ಕಚ್ಚಿ ಒಳಕ್ಕೆ ಒಯ್ಯುತ್ತಿತ್ತು, ಬರುತ್ತಿತ್ತು, ಮತ್ತೆ ಒಯ್ಯುತ್ತಿತ್ತು. ಅದು ಒಂದು ಎಲೆ ತರುವಷ್ಟರಲ್ಲಿ ನೀರು ಎರಡೆಲೆಯಷ್ಟು ಏರುತ್ತಿತ್ತು. ಮುದ್ದಯ್ಯ ನೋಡುವಷ್ಟು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು ನೀರಿಗಿಳಿದುಬಿಟ್ಟ.

ನೀರುಗಂಟಿಗೆ ಕೋಳಿಯ ಕೆಲಸ ಗೊತ್ತಿತ್ತು, ಗೂಡಿನ ಕೆಳಗೆ ಜೊಂಡು ತುರುಕಬೇಕು. ಕೋಳಿ ಒಂದೊಂದೆಲೆ ತುರುಕುವುದನ್ನು ತಾನು ಕಂತೆ ಕಂತೆ ತುರುಕಿದರಾಯಿತು. ಸುತ್ತಲಿನ ಜೊಂಡನ್ನೇ ಸರಸರ ಕುಯ್ದ. ಬಾಳೆನಾರಿನಿಂದ ಸಿವುಡು ಕಟ್ಟಿದ. ಗೂಡಿನ ಬುಡಕ್ಕೆ ಎರಡೂ ಕಡೆಯಿಂದ ನಿಧಾನಕ್ಕೆ ಸೇರಿಸಿ, ನಾಲ್ಕು ಕಡೆ ಗೂಟ ಹೊಡೆದು, ನೀರು ಏರಿದರೆ ಗೂಡೂ ಏರುವಂತೆ ಸಡಿಲವಾಗಿ ಕಟ್ಟಿದ. ಅಷ್ಟು ವಯಸ್ಸಿಗೆ ಮೊದಲ ಸಲ ಕಳ್ಳಕೋಳಿ ಗೂಡಿನ ಒಳಗನ್ನು ಅವನು ಕಂಡದ್ದು. ಕೆನೆಬಣ್ಣದ ಮೇಲೆ ಕಂದು ಚುಕ್ಕಿಯ ಸಣ್ಣ ಮೊಟ್ಟೆಗಳು. ಒಂದು ಮೊಟ್ಟೆಯ ಮೇಲೆ ಕೂದಲೆಳೆಯಷ್ಟು ಬಿರುಕಿತ್ತು, ಮರಿ ಒಳಗಿನಿಂದ ಕುಟ್ಟುತ್ತಿತ್ತು. ಇನ್ನೊಂದೇ ದಿನ ಅಂದುಕೊಂಡ. ಬರೀ ಒಂದು ದಿನ!

ಗೂಡು ತೇಲಿತು. ನೀರು ಏರಿತು, ಗೂಡೂ ಏರಿತು. ಮುದ್ದಯ್ಯ ಎದೆಯುದ್ದ ನೀರಿನಿಂದ ಒದ್ದಾಡಿಕೊಂಡು ಏರಿಗೆ ಬಂದು, ಒದ್ದೆ ಮೈಯಲ್ಲೇ ಕೂತು ಬೀಡಿ ಹಚ್ಚಿದ. ಯಾರಿಂದಲೂ ಆಗದ್ದನ್ನು ಮಾಡಿದೆ ಅಂತ ಅವನಿಗೆ ಖುಷಿಯಾಗಿತ್ತು. ಗೌಡನಿಂದ ಆಗದ್ದು, ಇಂಜಿನಿಯರಿಂದ ಆಗದ್ದು. ಹೋಗಿ ಮಾಯಮ್ಮನಿಗೆ ಹೇಳಬೇಕು ಅಂತಲೂ ಅಂದುಕೊಂಡ. ಬೀಡಿ ಅರ್ಧ ಮುಗಿಯುವ ಹೊತ್ತಿಗೆ ತಾನು ಏನು ಮಾಡಿದ್ದೇನೆ ಅನ್ನುವುದು ಅವನ ಕಣ್ಣಿಗೆ ಬಿತ್ತು.

ಕುಯ್ದ ಜೊಂಡೆಲ್ಲ ಗೂಡಿನ ಕೆಳಗೆ ಹೋಗಿತ್ತು. ಗೂಡಿನ ಸುತ್ತ, ಮೇಲೆ, ಏನೂ ಉಳಿದಿರಲಿಲ್ಲ. ಬಯಲಲ್ಲಿ ತಟ್ಟೆ ಇಟ್ಟ ಹಾಗೆ ಗೂಡು ನೀರಿನ ಮೇಲೆ ಕೂತಿತ್ತು. ಏರಿಯ ಮೇಲೆ ಹೋಗುವ ಯಾರು ಬೇಕಾದರೂ ಮೊಟ್ಟೆ ಎಣಿಸಬಹುದಾಗಿತ್ತು. ಕಳ್ಳಕೋಳಿ ಉಳಿದ ಜೊಂಡಿನ ಅಂಚಿಗೆ ಬಂತು, ಕತ್ತು ಚಾಚಿತು, ಬಯಲು ನೋಡಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಹುಟ್ಟಿದಾಗಿನಿಂದ ಮರೆಯಲ್ಲೇ ಬದುಕಿದ ಜೀವ, ಆ ನಾಲ್ಕು ಮಾರು ಬಯಲು ದಾಟಲು ಅದಕ್ಕೆ ಕಾಲು ಬರಲಿಲ್ಲ.

“ಓಗವ್ವ,” ಅಂದ ಮುದ್ದಯ್ಯ. “ಓಗವ್ವ ತಾಯಿ, ಯಾರೂ ಇಲ್ಲ, ಓಗು.”

ಯಾರೂ ಇಲ್ಲದೆ ಏನು? ಏರಿಯ ಹೊಂಗೆ ಮರದಿಂದ ಕೆಂಬೂತ ಇಳಿದು ಬಂತು. ಅದರ ಮುಖ ಕಂಡರೆ ಒಳ್ಳೆಯದಾಗುತ್ತದೆ ಅಂತ ಕೈಮುಗಿಯುವವರಿದ್ದಾರೆ. ಮುದ್ದಯ್ಯನೂ ಎಷ್ಟೋ ಸಲ ಮುಗಿದಿದ್ದ. ಅದು ಅವಸರವಿಲ್ಲದೆ ಹಾರಿ ಬಂದು ಗೂಡಿನ ಅಂಚಿನಲ್ಲಿ ಕೂತು, ಒಂದು ಮೊಟ್ಟೆ ಎತ್ತಿಕೊಂಡು ಮರಕ್ಕೆ ಹೋಯಿತು.

ಮುದ್ದಯ್ಯ ಬೊಬ್ಬೆ ಹಾಕಿದ. ಮಣ್ಣಿನ ಹೆಂಟೆ ತೂರಿದ, ಕಲ್ಲು ಬೀರಿದ, ಅವು ಗೂಡಿಗೇ ಬಿದ್ದಾವು ಅಂತ ಹೆದರಿ ಕೈ ತಡೆದ. ಕೆಂಬೂತ ಮತ್ತೆ ಬಂತು. ಅವನು ನೀರಿಗೆ ಬಿದ್ದು ಆ ಕಡೆ ಹೊರಟ, ಆದರೆ ಅಷ್ಟರಲ್ಲಿ ಅಲ್ಲಿ ಕುತ್ತಿಗೆಯುದ್ದ ನೀರಾಗಿತ್ತು, ಕೆಳಗೆ ಹೂಳು, ಕಾಲು ಸಿಕ್ಕಿಕೊಂಡಿತು. ನೀರು ಕುಡಿದು, ತೂಬಿನ ಕಲ್ಲು ತಬ್ಬಿ ನಿಂತ. ಪೈಪಿನ ಮೊರೆತದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಕಲ್ಲು ತಬ್ಬಿಕೊಂಡೇ ಅವನು ಎಲ್ಲ ನೋಡಿದ. ಕೆಂಬೂತ ಹೋಗಿ ಬಂದು, ಹೋಗಿ ಬಂದು, ಗೂಡು ಬರಿದು ಮಾಡಿತು. ಬಿರುಕು ಬಿಟ್ಟಿದ್ದನ್ನೂ ಒಯ್ದಿತು. ಜೊಂಡಿನ ಅಂಚಿನಲ್ಲಿ ಕಳ್ಳಕೋಳಿಯೂ ನಿಂತು ನೋಡುತ್ತಿತ್ತು.

ಮನೆಗೆ ಬಂದವನ ಮೈ ನೋಡಿ ಮಾಯಮ್ಮನಿಗೆ ಅರ್ಥವಾಯಿತು. ಬೈಯುವುದನ್ನು ಬಿಟ್ಟು ನೀರು ಕಾಯಿಸಿದಳು.

“ಮುಳುಗ್ತಾ?” ಅಂತ ಕೇಳಿದಳು, ಬೆನ್ನಿಗೆ ನೀರು ಹುಯ್ಯುತ್ತ.

“ಮುಳುಗಿದ್ರೆ ನೀರಿನ್ ತಪ್ಪಾಗಿರೋದು ಕಣೇ ಮಾಯಿ,” ಅಂದ ಮುದ್ದಯ್ಯ. “ನಾನೇ ಬಾಗ್ಲು ತೆಗ್ದು ಕೊಟ್ಬುಟ್ಟೆ. ಬೇಲಿನೇ ಎದ್ದು ಒಲ ಮೇಯ್ತು.” ಅಷ್ಟು ಹೇಳುವುದರೊಳಗೆ ಅವನಿಗೆ ಅಳು ಬಂತು. ಮಾಯಮ್ಮ ಅವನನ್ನು ಅಳಲು ಬಿಟ್ಟು ಇನ್ನೊಂದು ಚೊಂಬು ನೀರು ಹುಯ್ದಳು.

ಸೋಮವಾರ ಕೆರೆ ಅಂಚಿಗೆ ಅಂಚು ತುಂಬಿತ್ತು. ಜೊಂಡಿನ ತುದಿಗಳು ಮಾತ್ರ ಅಲ್ಲಲ್ಲಿ ಕಾಣುತ್ತಿದ್ದವು. ಊರೆಲ್ಲ ಗಂಗೆ ಪೂಜೆಗೆ ಏರಿಯ ಮೇಲೆ ಸೇರಿತ್ತು. ಬಾಳೆಕಂದು, ಅರಿಸಿನ ಕುಂಕುಮ, ಚಿಕ್ಕಬೋರಮ್ಮನ ಮನೆಯಿಂದ ಬಂದ ಹಸಿರು ಸೀರೆ. ಹೆಂಗಸರು ನೀರಿಗೆ ಬಾಗಿನ ಬಿಟ್ಟರು. ಎಲ್ಲರ ಮುಖದಲ್ಲೂ ನಗು, ಯಾಕೆ ಇರಬಾರದು? ಬದುಕಿದೆವು ಅಂದುಕೊಂಡಿದ್ದರು. ಮುದ್ದಯ್ಯ ಹಿಂದೆ ಬೇವಿನ ಮರದ ಬುಡದಲ್ಲಿ ನಿಂತಿದ್ದ.

ತಿಮ್ಮಯ್ಯ ಅವನನ್ನು ಹುಡುಕಿ ಕರೆದ. ಅವತ್ತಿನ ಫೋನಿನ ನಾಚಿಕೆ ಅವನಿಗೆ ಇನ್ನೂ ಇತ್ತೋ ಏನೋ, ಯಾವತ್ತೂ ಇಲ್ಲದ ಹಾಗೆ ಭುಜ ಹಿಡಿದು ಮುಂದಕ್ಕೆ ತಂದು, ತೂಬು ಎತ್ತುವ ಸಲಾಕೆಯನ್ನು ಎಲ್ಲರ ಎದುರಿಗೆ ಅವನ ಕೈಗೆ ಕೊಟ್ಟ.

“ಯೋಳಪ್ಪ ನೀರ್ಗಂಟಿ,” ಅಂದ ತಿಮ್ಮಯ್ಯ. ‘ಲಾ’ ಅನ್ನಲಿಲ್ಲ. “ಇವತ್ತೇ ಎತ್ತಾನೋ, ಕಾಯಾನೋ? ನೀನ್ ತಡೀರಿ ಅಂದ್ರೆ ತಡೀತೀವಿ. ಎಷ್ಟ್ ದಿನ ಅಂದ್ರೂ ಸೈ.”

ಅವನು ಅಂದದ್ದು ಮನಸಾರೆ. ಊರೂ ‘ಊ ಕಣಪ್ಪ, ಯೋಳು’ ಅಂತ ದನಿಗೂಡಿಸಿತು. ಮುದ್ದಯ್ಯ ತುಂಬಿದ ನೀರನ್ನು ನೋಡಿದ. ಆ ಮಾತು ಹೇಳಲು ಅವನ ಬಾಯಿ ತೆರೆಯಿತು. ಜೀವಮಾನದಲ್ಲಿ ಅಷ್ಟು ಜನ ಅಷ್ಟು ಮರ್ಯಾದೆಯಿಂದ ಅವನ ಬಾಯಿ ನೋಡುತ್ತ ಕಾದು ನಿಂತಿದ್ದು ಅದೇ ಮೊದಲು.

“ಎತ್ತಾನ ಬುಡಿ ಗೌಡ್ರೆ,” ಅಂದ. “ಇನ್ ಯಾರ್ಗೆ ಅಂತ ಕಾಯೋದು?”

ಊರು ಹೋ ಅಂತ ಚಪ್ಪಾಳೆ ತಟ್ಟಿತು. ಅವನು ತೂಬು ಎತ್ತಿದ.